ಶೇ 2ರ ವಿಜ್ಞಾನಿಗಳ ಪಟ್ಟಿ: ಹೆಸರು ಬಂದರೆ ಅದರಿಂದ ತಿಳಿಯುವುದೇನು?

ಪ್ರತಿ ವರ್ಷ ಸೆಪ್ಟೆಂಬರ್ ಆಸುಪಾಸಿನಲ್ಲಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಮೇಲಿಂದ ಮೇಲೆ ಕಾಣಿಸುತ್ತದೆ. ‘ಸ್ಟ್ಯಾನ್‌ಫರ್ಡ್‌ನ ಶೇ 2ರ ಅಗ್ರ ವಿಜ್ಞಾನಿಗಳ ಪಟ್ಟಿಗೆ ನಮ್ಮ ಪ್ರಾಧ್ಯಾಪಕರು’ ಎಂಬ ತಲೆಬರಹ, ಜೊತೆಗೆ ಕುಲಪತಿಗಳ ಅಭಿನಂದನೆ. 2025ರ ಸೆಪ್ಟೆಂಬರಿನಲ್ಲಿ ಇದರ ಜೊತೆಗೇ ಇನ್ನೊಂದು ಸುದ್ದಿ ಬಂತು. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಸಂಸ್ಥೆಗಳಿಗೆ ಮೊದಲ ಸಲ ಅಂಕ ಕಳೆಯುವ ನಿಯಮ ಬಂತು. ಪ್ರಕಟವಾದ ಮೇಲೆ ತಪ್ಪು ಅಥವಾ ಮೋಸ ಕಂಡು ವಾಪಸ್ ಪಡೆದ ಸಂಶೋಧನಾ ಪ್ರಬಂಧಗಳಿಗೆ ಈ ಕಡಿತ.

ಒಂದೇ ತಿಂಗಳಲ್ಲಿ ಪ್ರಬಂಧಗಳಿಗೆ ಸನ್ಮಾನವೂ ಆಯಿತು, ದಂಡವೂ ಬಿತ್ತು. ಹಾಗಾದರೆ ಒಬ್ಬ ಸಂಶೋಧಕರ ಕೆಲಸ ದೊಡ್ಡದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಈ ಅಂಕಿಗಳು ಎಲ್ಲಿಂದ ಬರುತ್ತವೆ, ಏನನ್ನು ಎಣಿಸುತ್ತವೆ, ಏನನ್ನು ಬಿಡುತ್ತವೆ ಎಂದು ಸ್ವಲ್ಪ ತಾಳ್ಮೆಯಿಂದ ನೋಡಬೇಕು.

ಪಟ್ಟಿಯನ್ನು ಯಾರೂ ‘ಆಯ್ಕೆ’ ಮಾಡುವುದಿಲ್ಲ

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಿಕೊಳ್ಳೋಣ. ಇದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿ ಅಲ್ಲ. ಇದಕ್ಕೆ ಅರ್ಜಿ ಇಲ್ಲ, ಆಯ್ಕೆ ಸಮಿತಿಯೂ ಇಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಅವರ ಸಂಗಡಿಗರು 2019ರಲ್ಲಿ ಮೊದಲ ಸಲ ಪ್ರಕಟಿಸಿದ ಒಂದು ಲೆಕ್ಕಾಚಾರ ಇದು. ಎಲ್ಸೆವಿಯರ್ ಎಂಬ ಪ್ರಕಾಶನ ಕಂಪನಿಯ ‘ಸ್ಕೋಪಸ್’ ದತ್ತಾಂಶ ಇದಕ್ಕೆ ಆಧಾರ. ಒಬ್ಬರ ಪ್ರಬಂಧಗಳನ್ನು ಬೇರೆ ಪ್ರಬಂಧಗಳು ಎಷ್ಟು ಸಲ ಉಲ್ಲೇಖಿಸಿವೆ ಎಂದು ಕಂಪ್ಯೂಟರ್ ಎಣಿಸುತ್ತದೆ. ಆರು ಅಳತೆಗಳನ್ನು ಕೂಡಿಸಿ ಒಂದು ಅಂಕ ಕೊಡುತ್ತದೆ. ಒಟ್ಟಾರೆ ಲೆಕ್ಕದಲ್ಲಿ ಮೊದಲ ಒಂದು ಲಕ್ಷದಲ್ಲಿರುವವರು, ಅಥವಾ ತಮ್ಮ ಉಪವಿಷಯದಲ್ಲಿ ಮೇಲಿನ ಶೇ 2ರಲ್ಲಿರುವವರು ಪಟ್ಟಿಗೆ ಬರುತ್ತಾರೆ.

ಪಟ್ಟಿ ಒಂದಲ್ಲ, ಎರಡು. ಒಂದು ಇಡೀ ವೃತ್ತಿಜೀವನದ್ದು. ಇನ್ನೊಂದು ಒಂದೇ ವರ್ಷದಲ್ಲಿ ಬಂದ ಉಲ್ಲೇಖಗಳದ್ದು. 2023ರವರೆಗಿನ ದತ್ತಾಂಶದ ಆವೃತ್ತಿಯಲ್ಲಿ ಮೊದಲನೆಯದರಲ್ಲಿ 2,17,097 ಮಂದಿ, ಎರಡನೆಯದರಲ್ಲಿ 2,23,152 ಮಂದಿ ಇದ್ದರು. ಇವೆರಡಕ್ಕೂ ತುಂಬಾ ವ್ಯತ್ಯಾಸವಿದೆ. ಒಂದು ವರ್ಷದ ಪಟ್ಟಿಯಲ್ಲಿ ಆ ಹೊತ್ತಿನ ಬಿಸಿ ವಿಷಯದ ಮೇಲೆ ಕೆಲಸ ಮಾಡಿದವರು ಬೇಗ ಮೇಲೆ ಬರುತ್ತಾರೆ, ಮರುವರ್ಷ ಇಳಿಯಲೂಬಹುದು. ಸುದ್ದಿಯಲ್ಲಿ ಯಾವ ಪಟ್ಟಿ ಎಂದೇ ಹೇಳದೆ ಹೋದರೆ ಓದುಗರಿಗೆ ಅರ್ಧ ಮಾಹಿತಿ ಸಿಕ್ಕ ಹಾಗೆ.

ಪಟ್ಟಿ ಮಾಡಿದವರು ಈ ವಿಷಯದಲ್ಲಿ ಪ್ರಾಮಾಣಿಕವಾಗಿಯೇ ಇದ್ದಾರೆ ಎನ್ನಬೇಕು. ತನ್ನ ಪ್ರಬಂಧವನ್ನು ತಾನೇ ಉಲ್ಲೇಖಿಸಿಕೊಂಡದ್ದನ್ನು ತೆಗೆದು ಹಾಕಿದರೆ ಸ್ಥಾನ ಎಷ್ಟಾಗುತ್ತದೆ ಎಂದು ಪಕ್ಕದಲ್ಲೇ ಕೊಟ್ಟಿದ್ದಾರೆ. ಈಚಿನ ಆವೃತ್ತಿಗಳಲ್ಲಿ ವಾಪಸ್ ಪಡೆದ ಪ್ರಬಂಧಗಳ ಎಣಿಕೆಯೂ ಇದೆ. ಮೇಲೆ ಹೇಳಿದ ಒಂದು ವರ್ಷದ ಪಟ್ಟಿಯಲ್ಲಿದ್ದವರ ಪೈಕಿ 8,747 ಮಂದಿಗೆ, ಅಂದರೆ ಶೇ 4ರಷ್ಟು ಜನರಿಗೆ, ಕನಿಷ್ಠ ಒಂದಾದರೂ ಪ್ರಬಂಧ ವಾಪಸಾಗಿತ್ತು. ವಾಪಸಾದದ್ದೆಲ್ಲ ಮೋಸವಲ್ಲ, ತಪ್ಪು ಗೊತ್ತಾದ ಕೂಡಲೇ ಒಪ್ಪಿಕೊಂಡು ಹಿಂದಕ್ಕೆ ಪಡೆಯುವ ಒಳ್ಳೆಯ ಸಂಶೋಧಕರೂ ಇದ್ದಾರೆ. ಆದರೆ ಈ ಕಾಲಂ ನಮ್ಮ ಸುದ್ದಿಗಳಿಗೆ ಬರುವುದು ತೀರಾ ಅಪರೂಪ.

ಎಣಿಕೆ ಶುರುವಾದದ್ದು ಬೇರೆ ಕೆಲಸಕ್ಕೆ

ಉಲ್ಲೇಖ ಎಣಿಸುವ ಪದ್ಧತಿಯನ್ನು ದೊಡ್ಡ ಮಟ್ಟದಲ್ಲಿ ಶುರು ಮಾಡಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಅಲ್ಲಿನ ವಕೀಲರ ಬಳಿ ಒಂದು ಸೂಚಿ ಇತ್ತು. ಒಂದು ಹಳೆಯ ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂದು ಅದರಲ್ಲಿ ನೋಡಬಹುದಿತ್ತು. ವಿಜ್ಞಾನಕ್ಕೂ ಅಂಥದ್ದು ಬೇಕು ಎಂದು ಗಾರ್ಫೀಲ್ಡ್ 1955ರಲ್ಲಿ ಬರೆದರು, 1960ರ ದಶಕದಲ್ಲಿ ಮಾಡಿಯೂ ತೋರಿಸಿದರು. ಅವರ ಉದ್ದೇಶ ಹುಡುಕಾಟ. ಒಂದು ಪ್ರಬಂಧ ಹಿಡಿದು ಅದರ ಮುಂದಿನ ಪೀಳಿಗೆಯ ಕೆಲಸಗಳಿಗೆ ದಾರಿ ಸಿಗಲಿ ಎಂಬುದು. ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಒಂದು ಸಂಶೋಧನಾ ಪತ್ರಿಕೆಯ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆ ಎಂಬ ಅಳತೆ ಕೂಡ, ಅವರ ಸಂಸ್ಥೆಯಿಂದಲೇ ಬಂತು. ಸೂಚಿಗೆ ಯಾವ ಜರ್ನಲ್ ಸೇರಿಸಬೇಕು ಎಂದು ತೀರ್ಮಾನಿಸಲು ಅದು ಬೇಕಿತ್ತು. ಒಬ್ಬ ಅಧ್ಯಾಪಕರಿಗೆ ಪ್ರಮೋಷನ್ ಕೊಡಬೇಕೇ ಎಂದು ನೋಡಲು ಅಲ್ಲ.

ವ್ಯಕ್ತಿಗಳಿಗೆ ಅಂಕ ಹಾಕುವ ಅಭ್ಯಾಸಕ್ಕೆ ವೇಗ ಸಿಕ್ಕಿದ್ದು 2005ರಲ್ಲಿ. ಭೌತವಿಜ್ಞಾನಿ ಜಾರ್ಜ್ ಹರ್ಷ್ ಆಗ ಎಚ್-ಇಂಡೆಕ್ಸ್ ಎಂಬ ಸರಳ ಅಳತೆ ಕೊಟ್ಟರು. ಒಬ್ಬರ ಐದು ಪ್ರಬಂಧಗಳಿಗೆ 40, 12, 6, 4, 1 ಉಲ್ಲೇಖ ಸಿಕ್ಕಿವೆ ಎಂದುಕೊಳ್ಳಿ. ಕನಿಷ್ಠ ನಾಲ್ಕು ಉಲ್ಲೇಖ ಇರುವ ಪ್ರಬಂಧಗಳು ನಾಲ್ಕು. ಆದ್ದರಿಂದ ಎಚ್-ಇಂಡೆಕ್ಸ್ 4. ಇನ್ನೊಬ್ಬರ ಐದು ಪ್ರಬಂಧಗಳಿಗೂ ತಲಾ ಐದೇ ಉಲ್ಲೇಖ. ಅವರದು 5. ಮೊದಲಿನವರಿಗೆ ಒಟ್ಟು 63 ಉಲ್ಲೇಖ, ಎರಡನೆಯವರಿಗೆ 25. ಆದರೂ ಎರಡನೆಯವರು ಮುಂದೆ! ಒಂದು ದೊಡ್ಡ ಕೆಲಸ ಮಾಡಿದವರಿಗಿಂತ ಸಮವಾಗಿ ಹಲವು ಪ್ರಬಂಧ ಬರೆದವರನ್ನು ಈ ಅಳತೆ ಮೇಲೆ ಇಡುತ್ತದೆ. ಜೊತೆಗೆ ಇದು ಏರಬಹುದು, ಇಳಿಯುವುದಿಲ್ಲ. ಹಾಗಾಗಿ ಹಿರಿಯರಿಗೆ ಅನುಕೂಲ ಜಾಸ್ತಿ, ಈಗಷ್ಟೇ ಪಿಎಚ್‌.ಡಿ. ಮುಗಿಸಿದವರಿಗೆ ಕಡಿಮೆ. ತಾನು ಕೊಟ್ಟ ಅಳತೆ ಕೆಟ್ಟದಾಗಿ ಸೋಲಬಹುದು, ನೆನೆಸದ ಹಾನಿ ಮಾಡಬಹುದು ಎಂದು 2020ರಲ್ಲಿ ಸ್ವತಃ ಹರ್ಷ್ ಅವರೇ ಬರೆದರು.

ವಿಷಯದಿಂದ ವಿಷಯಕ್ಕೂ ಲೆಕ್ಕ ಬದಲಾಗುತ್ತದೆ. ಗಣಿತದಲ್ಲಿ ಪ್ರಬಂಧ ಕಡಿಮೆ, ಪ್ರತಿ ಪ್ರಬಂಧದ ಕೊನೆಯ ಆಕರಪಟ್ಟಿಯೂ ಚಿಕ್ಕದು. ಜೀವಕೋಶ ವಿಜ್ಞಾನದಲ್ಲಿ ಎರಡೂ ದೊಡ್ಡವು. ಗಣಿತದವರ ಎಚ್-ಇಂಡೆಕ್ಸ್ 20ನ್ನು ಜೀವವಿಜ್ಞಾನದವರ 20ರ ಪಕ್ಕ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಗಣಿತದ ಪುಟ್ಟ ಲೋಕದಲ್ಲಿ ಕೆಲವರೇ ಸೇರಿ ಅಂಕಿಗಳನ್ನು ಉಬ್ಬಿಸುವುದು ಸುಲಭ ಎಂಬ ಕಾರಣಕ್ಕೆ, ಕ್ಲಾರಿವೇಟ್ ಕಂಪನಿ 2023ರಲ್ಲಿ ತನ್ನ ‘ಅತಿ ಹೆಚ್ಚು ಉಲ್ಲೇಖಿತರ’ ಪಟ್ಟಿಯಿಂದ ಗಣಿತವನ್ನೇ ಕೈಬಿಟ್ಟಿತು.

ಐದು ಸಾವಿರ ಲೇಖಕರ ಒಂದು ಪ್ರಬಂಧ

ಉಲ್ಲೇಖದ ಲೆಕ್ಕಕ್ಕಿಂತ ಕಷ್ಟದ್ದು ಸಹಯೋಗದ ಲೆಕ್ಕ. ಇಂದಿನ ವಿಜ್ಞಾನ ಬಹುಪಾಲು ಗುಂಪಿನ ಕೆಲಸ. ಬೇರೆ ದೇಶದವರ ಜೊತೆ ಸೇರಿ ಬರೆದ ಪ್ರಬಂಧಗಳಿಗೆ ಸಾಮಾನ್ಯವಾಗಿ ಉಲ್ಲೇಖವೂ ಹೆಚ್ಚು ಸಿಗುತ್ತದೆ. ಅದಕ್ಕೆ ಕಾರಣಗಳೂ ಸರಿಯಾಗಿಯೇ ಇವೆ: ದೊಡ್ಡ ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು, ಒಳ್ಳೆಯ ಉಪಕರಣ ಸಿಗುತ್ತದೆ, ಓದುವವರ ಬಳಗ ಹಿಗ್ಗುತ್ತದೆ. ಹಾಗಾಗಿ ರ‍್ಯಾಂಕಿಂಗ್ ಸಂಸ್ಥೆಗಳು ‘ಅಂತರರಾಷ್ಟ್ರೀಯ ಸಹಯೋಗ’ಕ್ಕೂ ಅಂಕ ಇಟ್ಟಿವೆ.

ತೊಂದರೆ ಬರುವುದು ಉಲ್ಲೇಖವನ್ನು ಹಂಚುವಾಗ. 2015ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಎರಡು ತಂಡಗಳು ಹಿಗ್ಸ್ ಬೋಸಾನ್ ಎಂಬ ಮೂಲಕಣದ ದ್ರವ್ಯರಾಶಿಯ ಬಗ್ಗೆ ಒಟ್ಟಿಗೆ ಬರೆದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಲೇಖಕರ ಮತ್ತು ಸಂಸ್ಥೆಗಳ ಹೆಸರುಗಳಿಗೇ ಹೋಯಿತು. ಯಂತ್ರ ಕಟ್ಟಿದವರು, ದತ್ತಾಂಶ ಕಾಯ್ದವರು ಎಲ್ಲರಿಗೂ ಮನ್ನಣೆ ಸಿಗಬೇಕಾದದ್ದೇ. ಆದರೆ ಆ ಪ್ರಬಂಧಕ್ಕೆ ಒಂದು ಉಲ್ಲೇಖ ಬಂದರೆ ಸಾಮಾನ್ಯ ಎಣಿಕೆಯಲ್ಲಿ 5,154 ಮಂದಿಗೂ ತಲಾ ಒಂದು ಪೂರ್ತಿ ಉಲ್ಲೇಖ ಜಮೆಯಾಗುತ್ತದೆ.

ಇದರ ಪರಿಣಾಮ ಭಾರತದಲ್ಲೂ ಕಂಡಿದೆ. 2013ರ ಟೈಮ್ಸ್ ಹೈಯರ್ ಎಜುಕೇಷನ್ ರ‍್ಯಾಂಕಿಂಗ್‌ನಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ 226ರಿಂದ 250ರ ಗುಂಪಿಗೆ ಏರಿತು. ಐಐಟಿಗಳನ್ನೂ ಹಿಂದಿಕ್ಕಿ ದೇಶಕ್ಕೆ ಮೊದಲಾಯಿತು. ಅಲ್ಲಿನ ಭೌತವಿಜ್ಞಾನಿಗಳು ಸರ್ನ್ ಪ್ರಯೋಗದಲ್ಲಿ ಭಾಗಿಯಾಗಿದ್ದರು. ಅವರ ಕೆಲಸ ಅಸಲಿಯೇ. ಆದರೆ ಆ ಕೆಲವೇ ಪ್ರಬಂಧಗಳ ಉಲ್ಲೇಖ ಇಡೀ ವಿಶ್ವವಿದ್ಯಾಲಯದ ಸರಾಸರಿಯನ್ನು ಎತ್ತಿಬಿಟ್ಟಿತು. ಅಲ್ಲಿನ ಇತಿಹಾಸ ವಿಭಾಗವೋ ರಸಾಯನ ವಿಭಾಗವೋ ಒಂದೇ ವರ್ಷದಲ್ಲಿ ಬದಲಾಗಿರಲಿಲ್ಲ. ಎರಡು ವರ್ಷದ ನಂತರ ಟೈಮ್ಸ್ ಹೈಯರ್ ಎಜುಕೇಷನ್ ಸಂಸ್ಥೆಯೇ, ಸಾವಿರಕ್ಕೂ ಹೆಚ್ಚು ಲೇಖಕರಿರುವ 649 ಪ್ರಬಂಧಗಳನ್ನು ಲೆಕ್ಕದಿಂದ ಹೊರಗಿಟ್ಟಿತು.

ಇದಕ್ಕೆ ಒಂದು ಪರಿಹಾರ, ಉಲ್ಲೇಖವನ್ನು ಲೇಖಕರ ಸಂಖ್ಯೆಯಿಂದ ಭಾಗಿಸುವುದು. ಶೇ 2ರ ಪಟ್ಟಿಯ ಆರು ಅಳತೆಗಳಲ್ಲಿ ಒಂದು ಹೀಗೆಯೇ ಸಹಲೇಖಕರ ಸಂಖ್ಯೆಗೆ ತಕ್ಕಂತೆ ಎಚ್-ಇಂಡೆಕ್ಸನ್ನು ತಗ್ಗಿಸುತ್ತದೆ. ಇನ್ನು ಮೂರು ಅಳತೆಗಳು ಒಬ್ಬರೇ ಬರೆದದ್ದಕ್ಕೆ, ಮೊದಲ ಹೆಸರು ಇರುವುದಕ್ಕೆ, ಕೊನೆಯ ಹೆಸರು ಇರುವುದಕ್ಕೆ ತೂಕ ಕೊಡುತ್ತವೆ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ತಂಡದ ಮುಖ್ಯಸ್ಥರದು. ಅಲ್ಲಿಗೆ ಇದು ಸರಿಹೊಂದುತ್ತದೆ. ಆದರೆ ಗಣಿತದಲ್ಲೂ ಸರ್ನ್‌ನ ತಂಡಗಳಲ್ಲೂ ಹೆಸರುಗಳನ್ನು ಅಕಾರಾದಿಯಲ್ಲಿ ಹಾಕುತ್ತಾರೆ. ಅಲ್ಲಿ ಮೊದಲ ಹೆಸರು ಎಂದರೆ ವರ್ಣಮಾಲೆಯ ಅದೃಷ್ಟ ಅಷ್ಟೇ.

ಕನ್ನಡಿಗರಿಗೆ ಇನ್ನೊಂದು ತೊಡಕೂ ಇದೆ. ನಮ್ಮ ಹೆಸರುಗಳಲ್ಲಿ ಊರು, ತಂದೆಯ ಹೆಸರು ಇನಿಷಿಯಲ್ ಆಗಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರುತ್ತವೆ. ಎಷ್ಟೋ ಜನರಿಗೆ ಮನೆತನದ ಹೆಸರೇ ಇರುವುದಿಲ್ಲ. ದತ್ತಾಂಶ ಸೇರಿಸುವ ಯಂತ್ರಕ್ಕೆ ಒಬ್ಬ ಮಂಜುನಾಥ ಮೂವರಾಗಿ ಕಾಣಬಹುದು, ಮೂವರು ಮಂಜುನಾಥರು ಒಬ್ಬರಾಗಲೂಬಹುದು. ಮೊದಲನೆಯದರಲ್ಲಿ ಅಂಕ ಚೂರಾಗುತ್ತದೆ, ಎರಡನೆಯದರಲ್ಲಿ ಸುಮ್ನೆ ಉಬ್ಬುತ್ತದೆ. 2012ರಲ್ಲಿ ಬಂದ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಈ ತೊಡಕನ್ನು ಬಿಡಿಸಲೆಂದೇ ಇದೆ. ಯಾವ ಸಂಶೋಧಕರಾದರೂ ಅದನ್ನು ಉಚಿತವಾಗಿ ಪಡೆಯಬಹುದು.

70 ಮತ್ತು 30ರ ಲೆಕ್ಕ

ಈಗ ನಮ್ಮ ಕಾಲೇಜುಗಳ ನಿಯಮಕ್ಕೆ ಬರೋಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ಸಂಶೋಧನಾ ಅಂಕದ ಕೋಷ್ಟಕವಿದೆ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಮೇಲೆ ಅಂಕ ಏರುತ್ತಾ ಹೋಗಿ, 10 ದಾಟಿದ ಜರ್ನಲ್‌ಗೆ 30 ಆಗುತ್ತದೆ. ಅಂದರೆ ನೋಡುವುದು ಪ್ರಬಂಧ ಬಂದ ಜಾಗವನ್ನು. ಪ್ರಬಂಧವನ್ನು ಯಾರಾದರೂ ಓದಿದರೇ, ಬಳಸಿದರೇ ಎಂಬುದನ್ನಲ್ಲ.

ಸಹಲೇಖಕರ ನಿಯಮ ಇನ್ನೂ ಗಮನಿಸಬೇಕಾದದ್ದು. ಒಬ್ಬರೇ ಬರೆದರೆ ಪೂರ್ತಿ ಅಂಕ. ಇಬ್ಬರು ಬರೆದರೆ ಇಬ್ಬರಿಗೂ ತಲಾ ಶೇ 70. ಇಬ್ಬರಿಗಿಂತ ಹೆಚ್ಚಿದ್ದರೆ ಮುಖ್ಯ ಲೇಖಕರಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ಸ್ವಲ್ಪ ಕೂಡಿ ನೋಡಿ. ಒಂದೇ ಪ್ರಬಂಧ ಒಬ್ಬರಿಗೆ 100 ತಂದರೆ, ಇಬ್ಬರಿಗೆ ಸೇರಿ 140 ತರುತ್ತದೆ. ಐವರಿದ್ದರೆ 190. ಮೂವರಾದಾಗ ಒಟ್ಟು 130ಕ್ಕೆ ಸ್ವಲ್ಪ ಇಳಿದರೂ, ಅಲ್ಲಿಂದ ಮುಂದೆ ಕೆಲಸ ಅಷ್ಟೇ ಇದ್ದರೂ ಹೆಸರು ಸೇರಿಸಿದಷ್ಟೂ ಒಟ್ಟು ಅಂಕ ಬೆಳೆಯುತ್ತದೆ. ಮೂರನೆಯವರು ಬಂದ ಮೇಲೆ ನಾಲ್ಕನೆಯವರನ್ನೋ ಐದನೆಯವರನ್ನೋ ಸೇರಿಸಿದರೆ ಮೊದಲಿನವರಿಗೆ ಒಂದು ಪೈಸೆಯ ನಷ್ಟವೂ ಇಲ್ಲ. ‘ನನ್ನ ಪೇಪರ್‌ನಲ್ಲಿ ನಿನ್ನ ಹೆಸರು, ನಿನ್ನ ಪೇಪರ್‌ನಲ್ಲಿ ನನ್ನ ಹೆಸರು’ ಎಂಬ ಒಪ್ಪಂದಕ್ಕೆ ಇಲ್ಲಿ ನಿಯಮವೇ ದಾರಿ ಮಾಡಿಕೊಟ್ಟ ಹಾಗಾಯಿತು. ಅಧ್ಯಾಪಕರ ನೈತಿಕತೆಯನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಅಂಕಿ ಬೇಕು ಎನ್ನುವವರ ಮಾತೂ ಹಗುರವಲ್ಲ

ಅಂಕಿಗಳನ್ನು ಕಿತ್ತೆಸೆಯಿರಿ ಎಂದರೆ ಆಯಿತೇ? ಇಲ್ಲಿ ಇನ್ನೊಂದು ಪಕ್ಷದ ವಾದವನ್ನು ಕಿವಿಗೊಟ್ಟು ಕೇಳಬೇಕು. ಅಂಕಿ ಇಲ್ಲದಿದ್ದಾಗ ನಮ್ಮಲ್ಲಿ ನೇಮಕ, ಬಡ್ತಿ ಹೇಗೆ ನಡೆಯುತ್ತವೆ? ಗೈಡ್ ಯಾರು, ಜಾತಿ ಯಾವುದು, ಸಮಿತಿಯಲ್ಲಿ ಪರಿಚಯದವರು ಯಾರಿದ್ದಾರೆ, ಯಾರ ಶಿಫಾರಸು ಬಂದಿದೆ ಎಂಬ ಮಾತುಗಳು ಮುಂದೆ ಬರುತ್ತವೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಕೂತು ಒಳ್ಳೆಯ ಕೆಲಸ ಮಾಡಿದ, ಯಾರ ಬೆಂಬಲವೂ ಇಲ್ಲದ ಅಧ್ಯಾಪಕಿಗೆ ‘ನನ್ನ ಪ್ರಬಂಧಕ್ಕೆ ಇಷ್ಟು ಉಲ್ಲೇಖ ಬಂದಿದೆ, ನೋಡಿ’ ಎಂದು ತೋರಿಸಲು ಸಿಗುವ ಆಧಾರ ಈ ಅಂಕಿಯೇ. ಪಕ್ಷಪಾತದ ಎದುರು ಅವರ ಕೈಯಲ್ಲಿರುವ ದಾಖಲೆ ಅದು.

ಅಂಕಿಗಳು ಹಲವು ಸಲ ನಿಜವನ್ನೂ ಹೇಳುತ್ತವೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. 1977ರಲ್ಲಿ ಅದನ್ನು ಪ್ರಕಟಿಸಿದ್ದು ಬೆಂಗಳೂರಿನದೇ ಜರ್ನಲ್ ‘ಪ್ರಮಾಣ’ದಲ್ಲಿ. ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಅಂಕ ಹಾಕುವ ಸಮಿತಿಗೆ ಅದು ಸಣ್ಣ ಜಾಗ. ಆದರೆ ಜಗತ್ತಿನ ಸಂಶೋಧಕರು ಅದನ್ನು ಹುಡುಕಿಕೊಂಡು ಬಂದು ಓದಿದರು, ದಶಕಗಳ ಕಾಲ ಉಲ್ಲೇಖಿಸಿದರು. ಜರ್ನಲ್‌ನ ಅಂಕಿ ಹೇಳದ್ದನ್ನು ಪ್ರಬಂಧದ ಉಲ್ಲೇಖ ಹೇಳಿತು.

ಅಂಕಿಯನ್ನೇ ಗುರಿ ಮಾಡಿದಾಗ

ಒಂದು ಅಂಕಿಯಿಂದ ಸಂಬಳ, ಬಡ್ತಿ, ಅನುದಾನ, ರ‍್ಯಾಂಕ್ ಎಲ್ಲ ತೀರ್ಮಾನವಾಗುತ್ತದೆ ಎಂದಾದರೆ ಆ ಅಂಕಿಯನ್ನು ಹೆಚ್ಚಿಸಿಕೊಡುವ ಅಂಗಡಿಗಳೂ ತೆರೆಯುತ್ತವೆ. ದುಡ್ಡಿಗೆ ಪ್ರಬಂಧ ಬರೆದುಕೊಡುವ, ಲೇಖಕರ ಸ್ಥಾನವನ್ನೇ ಮಾರುವ ಜಾಲಗಳು ಈಗ ಜಗತ್ತಿನಾದ್ಯಂತ ಇವೆ. ಉಲ್ಲೇಖಗಳೂ ಮಾರಾಟಕ್ಕಿವೆ. 2023ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಪ್ರಬಂಧಗಳು ವಾಪಸಾದವು. ಅದರಲ್ಲಿ 8,000ಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನದ ಜರ್ನಲ್‌ಗಳವು.

ಇದು ಎಷ್ಟು ಸುಲಭ ಎಂದು ತೋರಿಸಲು 2024ರಲ್ಲಿ ಇಬ್ಬರು ಸಂಶೋಧಕರು ಲ್ಯಾರಿ ಎಂಬ ಬೆಕ್ಕಿನ ಹೆಸರಿನಲ್ಲಿ 12 ಅರ್ಥವಿಲ್ಲದ ಪ್ರಬಂಧಗಳನ್ನು ತಯಾರಿಸಿದರು. ಅವನ್ನು ಉಲ್ಲೇಖಿಸುವ ಇನ್ನಷ್ಟು ಸುಳ್ಳು ಪ್ರಬಂಧಗಳನ್ನೂ ಮಾಡಿ ಅಂತರ್ಜಾಲಕ್ಕೆ ಹಾಕಿದರು. ಗೂಗಲ್ ಸ್ಕಾಲರ್ ಎಲ್ಲವನ್ನೂ ಎಣಿಸಿ ಆ ಬೆಕ್ಕಿಗೆ 132 ಉಲ್ಲೇಖ ಕೊಟ್ಟಿತು. ವಿಷಯ ಬಯಲಾದ ಮೇಲಷ್ಟೇ ಅವು ಅಳಿಸಿಹೋದವು.

ಭಾರತದಲ್ಲಿ ಸರ್ಕಾರ ಪಟ್ಟಿಗಳ ಮೂಲಕ ಇದನ್ನು ತಡೆಯಲು ನೋಡಿತು. ಯುಜಿಸಿ ಒಪ್ಪಿಗೆಯ ಜರ್ನಲ್ ಪಟ್ಟಿಯಿಂದ 2018ರ ಮೇನಲ್ಲಿ 4,305 ಜರ್ನಲ್‌ಗಳನ್ನು ಒಟ್ಟಿಗೆ ತೆಗೆದುಹಾಕಬೇಕಾಯಿತು. ಆಮೇಲೆ ಯುಜಿಸಿ-ಕೇರ್ ಎಂಬ ಹೊಸ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿ, ಜರ್ನಲ್ ಆರಿಸುವ ಹೊಣೆಯನ್ನು ಸಂಸ್ಥೆಗಳಿಗೇ ಬಿಟ್ಟರು. ಬೇಡಿಕೆ ಹಾಗೆಯೇ ಇದ್ದಾಗ ಪಟ್ಟಿ ಬದಲಾಯಿಸಿದರೆ ನಕಲಿ ಜರ್ನಲ್‌ಗಳು ಹೆಸರು ಬದಲಾಯಿಸಿಕೊಂಡು ಬರುತ್ತವೆ. ಎನ್‌ಐಆರ್‌ಎಫ್‌ನ ಅಂಕ ಕಡಿತ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ, ಯಾಕೆಂದರೆ ಅದು ಸಂಸ್ಥೆಗೇ ನೋವು ಮುಟ್ಟಿಸುತ್ತದೆ. ಆದರೆ ಅದಕ್ಕೂ ಒಂದು ಅಪಾಯವಿದೆ. ಅಂಕ ಹೋಗುತ್ತದೆ ಎಂಬ ಭಯಕ್ಕೆ ಪ್ರಾಮಾಣಿಕ ತಪ್ಪನ್ನು ಒಪ್ಪಿಕೊಳ್ಳಲು ಬರುವ ಸಂಶೋಧಕರನ್ನೂ ಸಂಸ್ಥೆ ಸುಮ್ಮನಿರಿಸಬಹುದು. ಮೋಸಕ್ಕೂ ತಪ್ಪಿಗೂ ಬೇರೆ ಬೇರೆ ಲೆಕ್ಕ ಇಡದಿದ್ದರೆ ಇದು ಆಗಿಯೇ ತೀರುತ್ತದೆ.

ಲೆಕ್ಕಕ್ಕೆ ಸಿಗದ ಕೆಲಸ

ಕರ್ನಾಟಕದ ಮಟ್ಟಿಗೆ ನನಗೆ ಹೆಚ್ಚು ಕಾಡುವುದು ಇದು. 1970ರ ದಶಕದಲ್ಲಿ ಮಂಡ್ಯದ ವಿ.ಸಿ. ಫಾರಂನಿಂದ ಇಂಡಾಫ್ ರಾಗಿ ತಳಿಗಳು ಬಂದವು. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರ ಮಾಡಿ ಅವನ್ನು ಕೊಟ್ಟವರು, ರೈತರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದ ವಿಜ್ಞಾನಿ. ಇಳುವರಿ ಹೆಚ್ಚಿ ಲಕ್ಷಾಂತರ ಮನೆಗಳ ಊಟಕ್ಕೆ ಅದರ ಲಾಭ ತಲುಪಿತು. ಬಿತ್ತನೆ ಬೀಜ ಕೊಂಡೊಯ್ದ ರೈತ ಅಡಿಟಿಪ್ಪಣಿ ಬರೆಯುವುದಿಲ್ಲ, ಅಲ್ವಾ? ಹಾಗಾಗಿ ಈ ಪ್ರಭಾವ ಯಾವ ಇಂಡೆಕ್ಸ್‌ನಲ್ಲೂ ಸರಿಯಾಗಿ ಮೂಡುವುದಿಲ್ಲ.

ಕನ್ನಡ ಸಂಶೋಧನೆಯ ಗತಿಯೂ ಹೀಗೆಯೇ. ಸ್ಕೋಪಸ್ ಎಣಿಸುವುದು ತಾನು ಆರಿಸಿಕೊಂಡ ಜರ್ನಲ್ ಮತ್ತು ಪುಸ್ತಕಗಳಿಂದ ಬರುವ ಉಲ್ಲೇಖಗಳನ್ನು. ಅವುಗಳಲ್ಲಿ ಬಹುಪಾಲು ಇಂಗ್ಲಿಷಿನವು. ಶಾಸನ, ಹಳಗನ್ನಡ ಪಠ್ಯ, ಜಾನಪದದ ಮೇಲೆ ಕನ್ನಡದಲ್ಲೇ ಬರೆದು, ಕನ್ನಡದಲ್ಲೇ ಚರ್ಚೆಯಾಗುವ ಕೆಲಸ ಆ ಬಲೆಗೆ ಬೀಳುವುದಿಲ್ಲ. 19ನೇ ಶತಮಾನದ ಕೊನೆಯಲ್ಲಿ ಬಿ.ಎಲ್. ರೈಸ್ ಶುರು ಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಲ್ಲದೆ ಈ ನಾಡಿನ ಇತಿಹಾಸ ಬರೆಯಲು ಸಾಧ್ಯವೇ ಇಲ್ಲ. ಇಂದು ಅಂಥದ್ದೇ ಕೆಲಸ ಮಾಡುವವರ ಎಚ್-ಇಂಡೆಕ್ಸ್ ಸೊನ್ನೆಯ ಹತ್ತಿರ ಇರಬಹುದು. ಅದೇ ಅಂಕಿಯಿಂದ ಕನ್ನಡ ಅಧ್ಯಯನ ವಿಭಾಗವನ್ನೂ ನ್ಯಾನೊ ವಸ್ತುಗಳ ವಿಭಾಗವನ್ನೂ ಹೋಲಿಸಿದರೆ ಅನ್ಯಾಯವಾಗುತ್ತದೆ. 2015ರ ಲೈಡನ್ ಪ್ರಣಾಳಿಕೆ ಎಂಬ ಹೇಳಿಕೆಯಲ್ಲಿ ಉಲ್ಲೇಖ ಎಣಿಸುವ ತಜ್ಞರೇ ಈ ಎಚ್ಚರಿಕೆ ಕೊಟ್ಟಿದ್ದಾರೆ. ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಿ ಎಂಬುದು ಅದರ ಹತ್ತು ಸೂತ್ರಗಳಲ್ಲಿ ಒಂದು.

ತೀರಾ ಯಶಸ್ವಿಯಾದ ಕೆಲಸವೂ ಎಣಿಕೆಯಿಂದ ಜಾರಿಹೋಗುತ್ತದೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಜಿ.ಎನ್. ರಾಮಚಂದ್ರನ್ ಅವರು 1963ರಲ್ಲಿ ಸಂಗಡಿಗರೊಂದಿಗೆ ಕೊಟ್ಟ ನಕ್ಷೆಯನ್ನು ಪ್ರೋಟೀನ್ ರಚನೆ ಪರೀಕ್ಷಿಸುವವರೆಲ್ಲ ಬಳಸುತ್ತಾರೆ. ಈಗ ಅದು ಪಠ್ಯಪುಸ್ತಕದ ಭಾಗ. ಹಾಗಾಗಿ ‘ರಾಮಚಂದ್ರನ್ ಪ್ಲಾಟ್’ ಎಂದು ಬರೆದು ಮೂಲ ಪ್ರಬಂಧವನ್ನು ಉಲ್ಲೇಖಿಸದೆ ಮುಂದೆ ಹೋಗುವವರೇ ಬಹಳ.

ಮುಂದೆ ಏನಾಗಬಹುದು

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ನಿಯಮಾವಳಿ ಹೊರಡಿಸಿತು. ಕುಲಪತಿ ನೇಮಕದಲ್ಲಿ ರಾಜ್ಯಗಳ ಅಧಿಕಾರ ಮೊಟಕಾಗುತ್ತದೆ ಎಂಬ ಕಾರಣಕ್ಕೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ವಿರೋಧಿಸಿದವು. ಆ ಗಲಾಟೆಯಲ್ಲಿ ಇನ್ನೊಂದು ಭಾಗದ ಮೇಲೆ ಹೆಚ್ಚು ಚರ್ಚೆ ಆಗಲಿಲ್ಲ. ಅಂಕಗಳ ಕೋಷ್ಟಕ ಬಿಟ್ಟು, ಒಂಬತ್ತು ಬಗೆಯ ಕೊಡುಗೆಗಳಲ್ಲಿ ಕನಿಷ್ಠ ನಾಲ್ಕರಲ್ಲಿ ಗಮನಾರ್ಹ ಕೆಲಸ ತೋರಿಸಬೇಕು ಎಂದು ಕರಡು ಹೇಳುತ್ತದೆ. ಭಾರತೀಯ ಭಾಷೆಗಳಲ್ಲಿ ಬೋಧನೆಗೆ ಸಂಬಂಧಿಸಿದ ಕೊಡುಗೆಯೂ ಅದರಲ್ಲಿ ಸೇರಿದೆ.

ಕೋಷ್ಟಕ ಹೋದರೆ ನಕಲಿ ಪ್ರಬಂಧಗಳ ಬೇಡಿಕೆ ತಗ್ಗಬಹುದು. ಆದರೆ ‘ಗಮನಾರ್ಹ’ ಎಂದು ತೀರ್ಮಾನಿಸುವವರು ಯಾರು? ಮತ್ತೆ ಅದೇ ಸಮಿತಿ. ತಾಲ್ಲೂಕು ಕಾಲೇಜಿನ ಆ ಅಧ್ಯಾಪಕಿಯ ಕೈಯಲ್ಲಿದ್ದ ದಾಖಲೆಯೂ ಆಗ ಹೋಗುತ್ತದೆ. ಆದ್ದರಿಂದ ಅಂಕಿ ತೆಗೆಯುವುದಾದರೆ ಅದರ ಜಾಗದಲ್ಲಿ ಸಮಿತಿಗೆ ಒಂದು ಕೆಲಸ ಕಡ್ಡಾಯವಾಗಬೇಕು ಎಂಬುದು ನನ್ನ ಅಭಿಪ್ರಾಯ. ಅಭ್ಯರ್ಥಿಯೇ ಆರಿಸಿಕೊಟ್ಟ ನಾಲ್ಕೈದು ಕೆಲಸಗಳನ್ನು, ಅವು ಪ್ರಬಂಧವಿರಲಿ, ಪುಸ್ತಕವಿರಲಿ, ತಳಿಯಿರಲಿ, ಆ ವಿಷಯ ಬಲ್ಲವರು ಪೂರ್ತಿ ಓದಬೇಕು ಅಥವಾ ಪರೀಕ್ಷಿಸಬೇಕು. ಸಹಲೇಖಕರಿದ್ದರೆ ಯಾರು ಏನು ಮಾಡಿದರು ಎಂದು ಕೇಳಬೇಕು. ಉಲ್ಲೇಖಗಳನ್ನು ಪಕ್ಕದಲ್ಲಿಟ್ಟುಕೊಳ್ಳಬಹುದು, ಅದೂ ಅದೇ ವಿಷಯದ, ಅದೇ ವಯೋಮಾನದ ಇತರರ ಜೊತೆ ಹೋಲಿಸಿ. ಕೊನೆಗೆ ತೀರ್ಮಾನದ ಕಾರಣಗಳನ್ನು ಬರೆದು ಸಹಿ ಹಾಕಿ ಅಭ್ಯರ್ಥಿಗೆ ಕೊಡಬೇಕು, ಪ್ರಶ್ನಿಸಲು ಅವಕಾಶ ಇರಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಓದುವವರಿಗೆ ಗೌರವಧನ ಬೇಕಾಗುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಹುದ್ದೆ ಖಾಲಿ ಇರುವಾಗ ಓದುವ ತಜ್ಞರನ್ನು ಹೊಂದಿಸುವುದೂ ಸುಲಭವಲ್ಲ. ಹಾಗಾಗಿ ಮೊದಲ ಹೆಜ್ಜೆಯಾಗಿ ಪ್ರಾಧ್ಯಾಪಕ ಹುದ್ದೆಗಳಿಗಷ್ಟೇ ಇದನ್ನು ಜಾರಿಗೆ ತರಬಹುದು. ಅಲ್ಲಿ ಅಭ್ಯರ್ಥಿಗಳು ಕಡಿಮೆ, ಮುಂದಿನ ಪೀಳಿಗೆಯ ಸಂಶೋಧಕರನ್ನು ರೂಪಿಸುವವರೂ ಅವರೇ.